ಗೆರೆ ಅಳೆದ ಹರ್ಜ್‌ಬರ್ಗ್

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಗೆರ್ಹಾರ್ಡ್ ಹರ್ಜ್‌ಬರ್ಗ್ ಎಂಬ ಭೌತವಿಜ್ಞಾನಿಯ ವಿಷಯ ಹೇಳುತ್ತೇನೆ. ಹುಟ್ಟಿದ್ದು 1904ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ತೀರಿಕೊಂಡದ್ದು 1999ರಲ್ಲಿ, ಕೆನಡಾದ ಒಟ್ಟಾವಾದಲ್ಲಿ. ಓದು ಮುಗಿಸಿದಂದಿನಿಂದ ಕೊನೆಯವರೆಗೂ ಅವರು ಮಾಡಿದ್ದು ಒಂದೇ ಕೆಲಸ. ಬೆಳಕಿನ ಗೆರೆಗಳನ್ನು ಅಳೆಯುವುದು.

ಯಾವ ಗೆರೆ ಅಂತೀರಾ? ಗಾಜಿನ ಕೊಳವೆಯಲ್ಲಿ ಅನಿಲ ತುಂಬಿ ವಿದ್ಯುತ್ ಹಾಯಿಸಿದರೆ ಅದು ಬೆಳಗುತ್ತದೆ. ಆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಫೋಟೊ ತೆಗೆದರೆ ಬಿಡಿಬಿಡಿ ಗೆರೆಗಳು ಸಿಗುತ್ತವೆ. ಗೆರೆ ಎಲ್ಲಿ ಬೀಳಬೇಕು, ಎಷ್ಟು ಗಾಢವಾಗಿರಬೇಕು ಅನ್ನುವುದನ್ನು ಅಣುವೇ ಗೊತ್ತುಮಾಡುತ್ತದೆ. ಹಾಗಾಗಿ ಗೆರೆಯನ್ನು ಸರಿಯಾಗಿ ಅಳೆದರೆ ಅಣುವಿನ ಒಳಗಿನ ಸಂಗತಿ ಹೊರಗೆ ಬರುತ್ತದೆ. ಸ್ಪೆಕ್ಟ್ರೋಸ್ಕೋಪಿ ಅಂದರೆ ಇಷ್ಟೇ.

"ಗೆರೆ ಅಳೆದು ಏನು ಪ್ರಯೋಜನ ಸಾರ್?" ಅಂತ ಕೇಳುವವರು ಎಲ್ಲಿ ಹೋದರೂ ಇರುತ್ತಾರೆ. ಸ್ವಲ್ಪ ತಾಳಿ. ನನಗೆ ತುಂಬಾ ಇಷ್ಟವಾದ ಒಂದು ಪ್ರಸಂಗ ಹೇಳುತ್ತೇನೆ.

1928ರ ಫೆಬ್ರುವರಿ. ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ತಮ್ಮ ಪ್ರಸಿದ್ಧ ಪರಿಣಾಮವನ್ನು ಕಂಡುಹಿಡಿದರು. ಹೌದು, ಆಮೇಲೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದರಲ್ಲ, ಅದೇ ರಾಮನ್. ಬೆಳಕು ಅಣುವಿಗೆ ತಾಗಿ ಚದುರುವಾಗ ಹೊಸ ಗೆರೆಗಳು ಕಾಣಿಸಿಕೊಳ್ಳುತ್ತವೆ ಎಂದು ಅವರು ತೋರಿಸಿದರು. ಮರುವರ್ಷವೇ ಇಟಲಿಯ ರಾಸೆಟ್ಟಿ ಇದೇ ವಿಧಾನದಿಂದ ನೈಟ್ರೋಜನ್ ಗೆರೆಗಳ ಫೋಟೊ ತೆಗೆದರು. ಗೆರೆಗಳು ಸಾಲಾಗಿ ಬಿದ್ದಿದ್ದವು. ಒಂದು ಗಾಢ, ಒಂದು ತೆಳು. ಮತ್ತೆ ಗಾಢ, ಮತ್ತೆ ತೆಳು.

ಜರ್ಮನಿಯ ಗಾಟಿಂಗನ್‌ನಲ್ಲಿದ್ದ ಹರ್ಜ್‌ಬರ್ಗ್‌ಗೆ ಆಗ 24 ವರ್ಷ. ಅವರೂ ಭೌತವಿಜ್ಞಾನಿ ವಾಲ್ಟರ್ ಹೈಟ್ಲರ್ ಅವರೂ ಸೇರಿ ಈ ಸಾಲನ್ನು ವಿಚಾರಿಸಿದರು. ಪರಮಾಣುವಿನ ನ್ಯೂಕ್ಲಿಯಸ್‌ನಲ್ಲಿ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಎರಡೂ ಇವೆ ಎಂದು ಆಗ ನಂಬಿದ್ದರು. ಆ ಲೆಕ್ಕದಲ್ಲಿ ನೈಟ್ರೋಜನ್‌ಗೆ 14 ಪ್ರೋಟಾನ್, 7 ಎಲೆಕ್ಟ್ರಾನ್. ಒಟ್ಟು 21, ಬೆಸ ಸಂಖ್ಯೆ. ಸಾಲಿನ ಗೆರೆಗಳಿಗೆ 0, 1, 2 ಎಂದು ಸಂಖ್ಯೆ ಕೊಡುತ್ತಾರೆ. ಒಳಗಿನ ಕಣಗಳು ಬೆಸವಾದರೆ ಬೆಸ ಸಂಖ್ಯೆಯ ಗೆರೆ ಗಾಢವಾಗಬೇಕು. ಹೈಡ್ರೋಜನ್ ನೋಡಿ. ಅದರ ನ್ಯೂಕ್ಲಿಯಸ್‌ನಲ್ಲಿ ಒಂದೇ ಪ್ರೋಟಾನ್, ಬೆಸ ಗೆರೆಗಳೇ ಗಾಢ. ಆದರೆ ನೈಟ್ರೋಜನ್‌ನಲ್ಲಿ ತಿರುಗುಮುರುಗು! ಸಮ ಗೆರೆಗಳು ಗಾಢವಾಗಿದ್ದವು. ಅಂದಮೇಲೆ 21 ಎಂಬ ಲೆಕ್ಕವೇ ತಪ್ಪು. ಇಬ್ಬರೂ ಇದನ್ನು 1929ರಲ್ಲೇ ಪ್ರಕಟಿಸಿದರು. 1932ರಲ್ಲಿ ಬ್ರಿಟನ್ನಿನ ಚಾಡ್ವಿಕ್ ನ್ಯೂಕ್ಲಿಯಸ್‌ನ ಇನ್ನೊಂದು ಕಣವಾದ ನ್ಯೂಟ್ರಾನ್ ಕಂಡುಹಿಡಿದರು. 7 ಪ್ರೋಟಾನ್, 7 ನ್ಯೂಟ್ರಾನ್, ಒಟ್ಟು 14. ಸಮ ಸಂಖ್ಯೆ! ಲೆಕ್ಕ ಕೂಡಿಬಂತು.

ಯಾವ ಗೆರೆ ಗಾಢ, ಯಾವುದು ತೆಳು ಅಂತ ಗಮನವಿಟ್ಟು ನೋಡಿದ್ದಕ್ಕೆ ನ್ಯೂಕ್ಲಿಯಸ್ ಬಗೆಗಿನ ತಿಳಿವಳಿಕೆಯೇ ಅಲ್ಲಾಡಿತು. ಪ್ರಯೋಜನ ಕೇಳುವವರಿಗೆ ಇನ್ನೇನು ಬೇಕು ಹೇಳಿ?

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಹೇಳುತ್ತೇನೆ. ಹರ್ಜ್‌ಬರ್ಗ್ ಅವರ ಪತ್ನಿ ಲೂಯಿಸ್ ಕೂಡ ಸ್ಪೆಕ್ಟ್ರೋಸ್ಕೋಪಿ ಬಲ್ಲವರು. ಅವರು ಯಹೂದಿ. ನಾಜಿಗಳ ಆಡಳಿತದಲ್ಲಿ ಜರ್ಮನಿಯಲ್ಲಿ ಬಾಳುವುದು ಸಾಧ್ಯವಾಗಲಿಲ್ಲ. 1935ರಲ್ಲಿ ಇಬ್ಬರೂ ಕೆನಡಾದ ಸಸ್ಕಚೆವಾನ್ ವಿಶ್ವವಿದ್ಯಾಲಯಕ್ಕೆ ಬಂದರು. ಹರ್ಜ್‌ಬರ್ಗ್‌ಗೆ ಮೊದಲಿನಿಂದ ಖಗೋಳ ವಿಜ್ಞಾನಿಯಾಗುವ ಆಸೆಯಿತ್ತು. ಸ್ವಂತ ಹಣವಿಲ್ಲದವರಿಗೆ ಆ ದಾರಿಯಿಲ್ಲ ಎಂಬ ಉತ್ತರ ಸಿಕ್ಕಿತ್ತು. ಆದರೆ ಆಕಾಶದ ಒಗಟುಗಳು ಅವರ ಪ್ರಯೋಗಾಲಯಕ್ಕೇ ಬಂದವು. ನಕ್ಷತ್ರಗಳ ನಡುವಿನಿಂದ ಬಂದ ಕೆಲವು ಗೆರೆಗಳು ಯಾರಿಗೂ ಅರ್ಥವಾಗಿರಲಿಲ್ಲ. ಅವು ಕಾರ್ಬನ್ ಮತ್ತು ಹೈಡ್ರೋಜನ್ ಸೇರಿದ ಒಂದು ಅಯಾನಿನವು, ಅಂದರೆ ವಿದ್ಯುದಾವೇಶವಿರುವ ಅಣುವಿನವು ಎಂದು 1941ರಲ್ಲಿ ಅವರೂ ಜೊತೆಗಾರ ಡಗ್ಲಸ್ ಅವರೂ ತೋರಿಸಿದರು. ಯುರೇನಸ್, ನೆಪ್ಚೂನ್ ಗ್ರಹಗಳ ಬೆಳಕಿನಲ್ಲಿ ಹೈಡ್ರೋಜನ್ ಅಣುವಿನ ಗುರುತನ್ನು ಓದಿದವರೂ ಹರ್ಜ್‌ಬರ್ಗ್. ಹುಟ್ಟಿದ ಕ್ಷಣದಲ್ಲೇ ಕರಗಿಹೋಗುವ ಅಣುತುಣುಕುಗಳಾದ ಫ್ರೀ ರಾಡಿಕಲ್‌ಗಳ ಗೆರೆಗಳನ್ನೂ ಹಿಡಿದರು. 1971ರಲ್ಲಿ ನೊಬೆಲ್ ಬಂತು, ಅದೂ ರಸಾಯನ ವಿಜ್ಞಾನದಲ್ಲಿ. ಅಲ್ಲಿಗೂ ನಿಲ್ಲಿಸಲಿಲ್ಲ. 70 ದಾಟಿದ ಮೇಲೆ, 1979ರಲ್ಲಿ, ಮೂರು ಹೈಡ್ರೋಜನ್ ಪರಮಾಣು ಸೇರಿದ ಅಣುವಿನ ಗೆರೆಗಳನ್ನು ಗುರುತಿಸಿದರು.

ಕೇಳುತ್ತಿರುವ ಮಕ್ಕಳೇ, ಮನೆಯಲ್ಲಿ ಹಳೇ ಸಿಡಿ ಇದ್ದರೆ ಇವತ್ತು ರಾತ್ರಿ ತೆಗೆಯಿರಿ. ಸಿಎಫ್‌ಎಲ್ ದೀಪದ ಬೆಳಕು ಅದರ ಮೇಲೆ ಬೀಳುವಂತೆ ಓರೆಯಾಗಿ ಹಿಡಿಯಿರಿ. ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ಎಲ್‌ಇಡಿ ಬಲ್ಬ್ ಹತ್ತಿರ ಹಿಡಿಯಿರಿ, ಬಣ್ಣಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಸೂರ್ಯನ ಕಡೆಗೆ ಮಾತ್ರ ಖಂಡಿತ ಹಿಡಿಯಬೇಡಿ. ಸುಮ್ನೆ ನೋಡಿ ಬಿಡಬೇಡಿ, ಯಾವ ಬಣ್ಣ ಗಾಢ, ಯಾವುದು ತೆಳು ಅಂತ ಬರೆದಿಡಿ. ನಮಸ್ಕಾರ.