ಲಿನಕ್ಸ್‌ಗೆಂದು ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಎಷ್ಟೋ ಜನ ಹೊಸದನ್ನು ನೋಡತೊಡಗಿದರು. 'ಹೇಗೂ ಹೊಸದು ತಗೊಳ್ತಿದ್ದೀವಿ, ಈ ಸಲ ಲಿನಕ್ಸ್ ಹಾಕೋಣ' ಎಂದು ಮನಸ್ಸು ಮಾಡಿದವರೂ ಇದ್ದಾರೆ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಒಳ್ಳೆಯ ಯೋಚನೆ. ಅವರು ಮೊದಲು ಕೇಳುವುದು ಮಾತ್ರ ಒಂದೇ ಪ್ರಶ್ನೆ: 'ಯಾವ ಕಂಪನಿದು ತಗೊಳ್ಳಲಿ?'

ಕಂಪನಿಯ ಹೆಸರು ಹೇಳಿದರೆ ಇದು ಬಗೆಹರಿಯುವುದಿಲ್ಲ. ಒಂದೇ ಕಂಪನಿ, ಹೆಚ್ಚುಕಮ್ಮಿ ಒಂದೇ ಬೆಲೆ. ಆದರೂ ಒಂದರಲ್ಲಿ ಲಿನಕ್ಸ್ ಸಲೀಸಾಗಿ ಓಡುತ್ತದೆ, ಇನ್ನೊಂದರಲ್ಲಿ ವೈಫೈಯೇ ಬರುವುದಿಲ್ಲ. ಒಳಗಿರುವ ಚಿಪ್ ಯಾರದ್ದು ಎಂಬುದೇ ಇಲ್ಲಿ ಮುಖ್ಯ. ಅದನ್ನು ಹಣ ಕೊಡುವ ಮುಂಚೆಯೇ, ಅಂಗಡಿಯಲ್ಲೇ, ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್ ಹಾಕಿ ನೋಡಿಬಿಡಬಹುದು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಇದನ್ನು ಮಾಡುವುದು ಹೇಗೆ, ಯಾಕೆ ಎಂದು ತಿಳಿದುಕೊಂಡರೆ ನಿಮ್ಮ ದುಡ್ಡು ಉಳಿಯುತ್ತದೆ.

1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಶುರು ಮಾಡಿದರು. ಅದರ ಕೋಡ್ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಾವು ಲ್ಯಾಪ್‌ಟಾಪಿಗೆ ಹಾಕಿಕೊಳ್ಳುವ ಉಬುಂಟು, ಫೆಡೋರಾ, ಡೆಬಿಯನ್, ಮಿಂಟ್ ಎಲ್ಲವೂ ಇದರ ಮೇಲೆ ಕಟ್ಟಿದ್ದು. ಬೆಂಗಳೂರಿಗೆ ಇದು ಹೊಸದೇನಲ್ಲ. 2001ರಲ್ಲೇ ಇಲ್ಲಿ 'ಲಿನಕ್ಸ್ ಬ್ಯಾಂಗಲೋರ್' ಎಂಬ ಸಮ್ಮೇಳನ ನಡೆದಿತ್ತು. ಮುಂದೆ ಅದೇ 'ಫಾಸ್ ಡಾಟ್ ಇನ್' ಎಂದು ಹೆಸರಾಯಿತು.

ಸರಿ, ಚಿಪ್ ವಿಷಯ. ಲ್ಯಾಪ್‌ಟಾಪಿನ ಒಂದೊಂದು ಭಾಗಕ್ಕೂ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಂ ಬೇಕು. ವೈಫೈಗೆ ಒಂದು, ಸೌಂಡ್‌ಗೆ ಒಂದು, ಕ್ಯಾಮೆರಾಗೆ ಒಂದು. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಇವನ್ನೆಲ್ಲ ತಯಾರಕರೇ ತುಂಬಿ ಕಳಿಸುತ್ತಾರೆ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಒಳಗೇ ಇರುತ್ತವೆ. ಕರ್ನಲ್ ಅಂದರೆ ಇಡೀ ವ್ಯವಸ್ಥೆಯ ತಿರುಳು. ಚಿಪ್ ಮಾಡುವ ಕಂಪನಿ ತಾನೇ ಡ್ರೈವರ್ ಬರೆದು ಕರ್ನಲ್‌ಗೆ ಕೊಟ್ಟಿದ್ದರೆ ನೀವು ಏನೂ ಮಾಡಬೇಕಿಲ್ಲ. ಆನ್ ಮಾಡಿದ ಕೂಡಲೇ ಎಲ್ಲ ಬರುತ್ತದೆ. ಕೊಡದೇ ಹೋದರೆ, ಎಲ್ಲೋ ಒಬ್ಬರು ಆ ಚಿಪ್ ಹೇಗೆ ಕೆಲಸ ಮಾಡುತ್ತದೆಂದು ತಾವೇ ಕಂಡುಹಿಡಿದು ಬರೆಯಬೇಕು. ಅದಕ್ಕೆ ವರ್ಷಗಟ್ಟಲೆ ಹಿಡಿಯಬಹುದು.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ವೈಫೈ. ಪೆಟ್ಟಿಗೆಯ ಮೇಲೆ 'ವೈಫೈ 6' ಎಂದಷ್ಟೇ ಬರೆದಿರುತ್ತದೆ. ಕಾರ್ಡ್ ಯಾರದ್ದು ಎಂದು ಬರೆದಿರುವುದಿಲ್ಲ. ಇಂಟೆಲ್ ಕಾರ್ಡ್ ಇದ್ದರೆ ನಿಶ್ಚಿಂತೆಯಿಂದ ಇರಿ. ಆ ಕಂಪನಿಯ ಎಂಜಿನಿಯರ್‌ಗಳೇ ಡ್ರೈವರ್ ಬರೆದು ಕರ್ನಲ್‌ನಲ್ಲಿ ಇಟ್ಟಿದ್ದಾರೆ. ಮೀಡಿಯಾಟೆಕ್ ಕಾರ್ಡುಗಳಿಗೂ ಈಚಿನ ವರ್ಷಗಳಲ್ಲಿ ಡ್ರೈವರ್ ಬಂದಿದೆ. ರಿಯಲ್‌ಟೆಕ್‌ನ ಕೆಲವು ಮಾಡೆಲ್‌ಗಳಿಗೆ ತಡವಾಗಿ ಬಂತು. ಬ್ರಾಡ್‌ಕಾಮ್ ಕಾರ್ಡ್ ಇರುವ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಎಷ್ಟೋ ಸಲ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಹಾಕಬೇಕಾದರೆ ಇಂಟರ್ನೆಟ್ ಬೇಕು, ಇಂಟರ್ನೆಟ್ ಬೇಕಾದರೆ ಆ ಡ್ರೈವರೇ ಬೇಕು! ಇಂಥ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರೆ ಹೆದರಬೇಡಿ. ನಿಮ್ಮ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ಇಂಟರ್ನೆಟ್ ಎಂದೇ ತೆಗೆದುಕೊಳ್ಳುತ್ತದೆ.

ಇನ್ನು ಗ್ರಾಫಿಕ್ಸ್. ಇಂಟೆಲ್, ಎಎಂಡಿ ಎರಡರ ಡ್ರೈವರ್‌ಗಳೂ ತೆರೆದ ಕೋಡ್‌ನವು, ಮೊದಲೇ ಸಿದ್ಧವಾಗಿರುತ್ತವೆ. ಎನ್‌ವಿಡಿಯಾದ ಕಥೆ ಬೇರೆ. 2012ರಲ್ಲಿ ಟೋರ್ವಾಲ್ಡ್ಸ್ ಅವರು ಲಿನಕ್ಸ್‌ಗೆ ಸಹಕರಿಸುವುದಿಲ್ಲವೆಂದು ತುಂಬಿದ ಸಭೆಯಲ್ಲೇ ಆ ಕಂಪನಿಯನ್ನು ಬೈದಿದ್ದರು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಡ್ರೈವರಿನ ಕರ್ನಲ್ ಭಾಗದ ಕೋಡನ್ನು ತೆರೆದಿಟ್ಟಿತು. ಈಗ ಪರಿಸ್ಥಿತಿ ಎಷ್ಟೋ ವಾಸಿ. ಆದರೂ ಎರಡೆರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಬೇಗ ಇಳಿಯುವುದು, ಕರ್ನಲ್ ಅಪ್‌ಡೇಟ್ ಆದಾಗ ಪರದೆ ಕೈಕೊಡುವುದು ಇನ್ನೂ ಅಲ್ಲಲ್ಲಿ ಉಂಟು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನೀವು ಗೇಮ್ ಆಡುವವರಲ್ಲದಿದ್ದರೆ, ವಿಡಿಯೋ ಎಡಿಟಿಂಗ್, ತ್ರೀಡಿ ಅಥವಾ ಮೆಷಿನ್ ಲರ್ನಿಂಗ್ ಕೆಲಸ ಮಾಡದಿದ್ದರೆ, ಎನ್‌ವಿಡಿಯಾ ಇಲ್ಲದ್ದನ್ನೇ ತೆಗೆದುಕೊಳ್ಳಿ. ಆ ದುಡ್ಡನ್ನು ರ‍್ಯಾಮ್‌ಗೆ ಹಾಕಿ. ಲಿನಕ್ಸ್ ತಾನಾಗಿ ಜಾಸ್ತಿ ಮೆಮೊರಿ ಕೇಳುವುದಿಲ್ಲ, ನಿಜ. ಆದರೆ ಬ್ರೌಸರ್ ಕೇಳುತ್ತದೆ. 16 ಜಿಬಿ ಇರಲಿ. ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಅದನ್ನೂ ಕೇಳಿ ತಿಳಿದುಕೊಳ್ಳಿ.

'ಇವತ್ತೇ ಬಂದಿರೋ ಮಾಡೆಲ್ ಸಾರ್' ಎಂದು ಯಾರಾದರೂ ತೋರಿಸಿದರೆ ಸ್ವಲ್ಪ ತಡೆಯಿರಿ. ಕರ್ನಲ್‌ನ ಹೊಸ ಆವೃತ್ತಿ ಎರಡು, ಎರಡೂವರೆ ತಿಂಗಳಿಗೊಮ್ಮೆ ಬರುತ್ತದೆ. ಆದರೆ ನಾವು ನೀವು ಹಾಕಿಕೊಳ್ಳುವ ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ. ಅದು ಬಂದ ಮೇಲೆ ಹುಟ್ಟಿದ ಚಿಪ್ ಅದಕ್ಕೆ ಗುರುತು ಸಿಗದೇ ಇರಬಹುದು. ಈಚಿನ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳ ಕ್ಯಾಮೆರಾ ಲಿನಕ್ಸ್‌ನಲ್ಲಿ ತುಂಬಾ ದಿನ ಕೆಲಸ ಮಾಡದೇ ಇದ್ದದ್ದು ಹೀಗೆಯೇ. ಬಂದು ಆರು ತಿಂಗಳು, ಒಂದು ವರ್ಷ ಆಗಿರುವ ಮಾಡೆಲ್ ವಾಸಿ. ಬೆಲೆಯೂ ಇಳಿದಿರುತ್ತದೆ. ತೀರಾ ಹೊಸದೇ ಬೇಕೆಂದರೆ ಫೆಡೋರಾ ಹಾಕಿ, ಅದರಲ್ಲಿ ಹೊಸ ಕರ್ನಲ್ ಬೇಗ ಬರುತ್ತದೆ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳು, ಆಪಲ್‌ನ ಎಂ ಸರಣಿಯ ಚಿಪ್ ಇರುವವು, ಇವೆರಡನ್ನೂ ಲಿನಕ್ಸ್‌ಗೆ ಹೊಸಬರು ಮುಟ್ಟದಿರುವುದು ಒಳ್ಳೆಯದು.

ಈಗ ಅಂಗಡಿಗೆ ಹೋಗೋಣ. ನಮ್ಮ ಪಕ್ಕದ ಮನೆಯ ಹುಡುಗಿ ಬಿಸಿಎ ಸೇರಿದಾಗ ಅವಳ ಜೊತೆ ಎಸ್.ಪಿ. ರೋಡಿಗೆ ಹೋಗಿದ್ದೆ. ಟೌನ್ ಹಾಲ್ ಹತ್ತಿರದ ಆ ಬೀದಿ ನಿಮಗೆಲ್ಲ ಗೊತ್ತಿರುವುದೇ. ಹುಡುಗಿ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದ ಕೂಡಲೇ ಅಂಗಡಿಯವರ ಮುಖ ಬದಲಾಯಿತು. 'ಸೀಲ್ ಒಡೆದ್ರೆ ಬೇರೆಯವ್ರು ತಗೊಳಲ್ಲಮ್ಮ' ಎಂದರು. ಅವರ ಕಷ್ಟವೂ ನಿಜ. 'ಅಣ್ಣ, ಡಿಸ್‌ಪ್ಲೇಗೆ ಇಟ್ಟಿದ್ದೀರಲ್ಲ, ಅದೇ ಪೀಸ್‌ನಲ್ಲಿ ನೋಡ್ತೀನಿ. ಒಳಗಿರೋದು ಒಂದೂ ಅಳಿಸಲ್ಲ' ಎಂದಳು. ಒಪ್ಪಿಕೊಂಡರು.

ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿದ ತಕ್ಷಣ ಎಫ್12 ಒತ್ತಿದಳು. ಕೆಲವು ಕಂಪನಿಯವಕ್ಕೆ ಎಫ್9, ಕೆಲವಕ್ಕೆ ಎಸ್ಕೇಪ್. ಪೆನ್‌ಡ್ರೈವ್‌ನಿಂದ ಶುರು ಮಾಡುವ ಆಯ್ಕೆ ಬಂತು. ಇನ್‌ಸ್ಟಾಲ್ ಮಾಡದೆ ಸುಮ್ನೆ ಬಳಸಿ ನೋಡುವ ಆಯ್ಕೆ ಉಬುಂಟುವಿನಲ್ಲಿದೆ. ಅದನ್ನು ಒತ್ತಿದಳು. ಇದರಲ್ಲಿ ಎಲ್ಲವೂ ಮೆಮೊರಿಯಲ್ಲೇ ನಡೆಯುತ್ತದೆ, ಡಿಸ್ಕ್ ಮುಟ್ಟುವುದಿಲ್ಲ.

ಮೊದಲು ವೈಫೈ. ನನ್ನ ಫೋನಿನ ಹಾಟ್‌ಸ್ಪಾಟ್ ಕಂಡಿತು, ಜೋಡಿಸಿದಳು. ಆಮೇಲೆ ಒಂದು ಹಾಡು ಹಾಕಿ ಸ್ಪೀಕರ್ ನೋಡಿದಳು, ಮೈಕ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿದಳು. ಬೆಳಕು ಹೆಚ್ಚು ಕಡಿಮೆ ಮಾಡುವ ಕೀ, ಟಚ್‌ಪ್ಯಾಡ್ ಮೇಲೆ ಎರಡು ಬೆರಳು, ಕ್ಯಾಮೆರಾ, ಬ್ಲೂಟೂತ್. ಅಂಗಡಿಯ ಮಾನಿಟರಿನ ಎಚ್‌ಡಿಎಂಐ ಕೇಬಲನ್ನೂ ಕೇಳಿ ಜೋಡಿಸಿ ನೋಡಿದಳು. ಕೊನೆಗೆ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ ತೆರೆದು ಒಂದು ಕಮಾಂಡ್ ಕೊಟ್ಟಳು. ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ: ಎಲ್, ಎಸ್, ಪಿ, ಸಿ, ಐ. ಐದೂ ಸಣ್ಣಕ್ಷರ, ನಡುವೆ ಜಾಗ ಬಿಡಬೇಡಿ. ಒಳಗಿರುವ ಚಿಪ್‌ಗಳ ಹೆಸರು ಸಾಲಾಗಿ ಬರುತ್ತದೆ. ಪೆಟ್ಟಿಗೆಯ ಮೇಲೆ ಇಲ್ಲದ ಮಾಹಿತಿ ಅಲ್ಲಿರುತ್ತದೆ. ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ವೈಫೈ ಕಾರ್ಡ್ ಬರುವುದುಂಟು. ಆದ್ದರಿಂದ ನಿಮ್ಮ ಪೀಸ್ ಸೀಲ್ ಒಡೆದ ಮೇಲೆ, ಬಿಲ್ ಹಾಕಿಸಿದ ದಿನವೇ ಇದನ್ನು ಇನ್ನೊಮ್ಮೆ ಹೋಲಿಸಿ ನೋಡಿ.

ಕೆಲವೊಮ್ಮೆ ಇನ್‌ಸ್ಟಾಲ್ ಮಾಡಲು ಹೊರಟಾಗ ಒಳಗಿನ ಎಸ್‌ಎಸ್‌ಡಿಯೇ ಕಾಣಿಸುವುದಿಲ್ಲ. ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ರೇಡ್ ಅಥವಾ ಆರ್‌ಎಸ್‌ಟಿ ಎಂಬ ರೀತಿಯಲ್ಲಿ ಇದ್ದರೆ ಹೀಗಾಗುತ್ತದೆ. ಬಯಾಸ್‌ಗೆ, ಅಂದರೆ ಆನ್ ಮಾಡುವಾಗ ಕೀ ಒತ್ತಿ ತೆರೆಯುವ ಲ್ಯಾಪ್‌ಟಾಪಿನದೇ ಸೆಟ್ಟಿಂಗ್ಸ್‌ಗೆ ಹೋಗಿ, ಅದನ್ನು ಎಎಚ್‌ಸಿಐ ಎಂದು ಬದಲಿಸಬೇಕು. ವಿಂಡೋಸನ್ನೂ ಉಳಿಸಿಕೊಳ್ಳುವವರು ಇಲ್ಲಿ ಹುಷಾರಾಗಿರಿ, ಈ ಬದಲಾವಣೆಯಿಂದ ವಿಂಡೋಸ್ ತೆರೆಯದೇ ಹೋಗಬಹುದು. ವಿಂಡೋಸ್ 11ರಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿರುವುದೂ ಸಾಮಾನ್ಯ. ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳದೆ ಏನನ್ನೂ ಮುಟ್ಟಬೇಡಿ.

ಮುಚ್ಚಳ ಮುಚ್ಚಿ ತೆರೆಯುವುದನ್ನೂ ನೋಡಿ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹಿಂದೆ ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಪೂರ್ತಿ ಮಲಗುತ್ತಿತ್ತು. ಈಗಿನವು ಅರೆನಿದ್ದೆಯಲ್ಲಿರುತ್ತವೆ. ಲಿನಕ್ಸ್ ಜೊತೆ ಅದು ಸರಿಯಾಗಿ ಹೊಂದದಿದ್ದರೆ ಬ್ಯಾಗಿನಲ್ಲೇ ಬಿಸಿಯಾಗಿ ಬ್ಯಾಟರಿ ಖಾಲಿಯಾಗುತ್ತದೆ. ವೈಟ್‌ಫೀಲ್ಡ್‌ನಲ್ಲಿ ಬಸ್ ಹತ್ತಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತು ಮನೆ ಸೇರುವವರಿಗೆ ಇದು ಸಣ್ಣ ವಿಷಯವಲ್ಲ. ಬ್ಯಾಟರಿ ಎಷ್ಟಿದೆ ಎಂದು ನೋಡಿಕೊಂಡು ಮುಚ್ಚಳ ಮುಚ್ಚಿ. ಪಕ್ಕದಲ್ಲೇ ಒಂದು ಟೀ ಕುಡಿದು ಬನ್ನಿ. ತೆರೆದಾಗ ಪರದೆ ಬರಬೇಕು, ವೈಫೈ ಮತ್ತೆ ಜೋಡಿಯಾಗಬೇಕು, ತಳ ಬಿಸಿಯಾಗಿರಬಾರದು.

ಬೆರಳಚ್ಚು ಓದುವ ಸೆನ್ಸರ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಲಿನಕ್ಸ್‌ನಲ್ಲಿ ಕೆಲವು ಮಾತ್ರ ಕೆಲಸ ಮಾಡುತ್ತವೆ.

ದುಡ್ಡಿನ ವಿಷಯ ಬಂದಾಗ ಇನ್ನೊಂದು ಮಾತು. ಅಂಗಡಿಯಲ್ಲಿ 'ಡಾಸ್ ಪೀಸ್ ಇದೆಯಾ' ಎಂದು ಕೇಳಿ. ವಿಂಡೋಸ್ ಇಲ್ಲದೆ ಬರುವ ಲ್ಯಾಪ್‌ಟಾಪ್‌ಗೆ ಇಲ್ಲಿ ಹಾಗೆನ್ನುತ್ತಾರೆ. ಲೈಸೆನ್ಸ್ ಹಣ ಉಳಿಯುತ್ತದೆ. ಉಬುಂಟು ಹಾಕಿಯೇ ಮಾರುವ ಮಾಡೆಲ್ ಸಿಕ್ಕರೆ ಇನ್ನೂ ಒಳ್ಳೆಯದು, ತಯಾರಕರೇ ಪರೀಕ್ಷೆ ಮಾಡಿರುತ್ತಾರೆ. ಉಬುಂಟುವನ್ನು ರೂಪಿಸುವ ಕೆನಾನಿಕಲ್ ಕಂಪನಿ ತಾನು ಪರೀಕ್ಷಿಸಿ ಒಪ್ಪಿದ ಮಾಡೆಲ್‌ಗಳ ಪಟ್ಟಿಯನ್ನೂ ಇಟ್ಟಿದೆ.

ಬಜೆಟ್ ಕಡಿಮೆ ಇದ್ದರೆ ಬೆಂಗಳೂರಿನಲ್ಲಿ ನಿಮಗೊಂದು ಅನುಕೂಲ ಇದೆ. ಇಲ್ಲಿನ ಐಟಿ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್‌ಗಳು ಸೆಕೆಂಡ್ಸ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಆಫೀಸಿನ ಕೆಲಸಕ್ಕೆಂದೇ ಮಾಡಿದ ಈ ಸರಣಿಗಳಲ್ಲಿ ಲಿನಕ್ಸ್ ಸಾಮಾನ್ಯವಾಗಿ ಚೆನ್ನಾಗಿ ನಡೆಯುತ್ತದೆ. ಡೆಲ್, ಲೆನೊವೊ, ಎಚ್‌ಪಿ ಮೂರೂ ಇವುಗಳಲ್ಲಿ ಹಲವಕ್ಕೆ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಇರುವ ಮೂಲ ಪ್ರೋಗ್ರಾಂನ ಅಪ್‌ಡೇಟನ್ನು ಲಿನಕ್ಸ್ ಮೂಲಕವೇ ಕೊಡುತ್ತವೆ. ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ನಾನು ಇದನ್ನೇ ಹೇಳುತ್ತೇನೆ. ಆದರೆ ಬಯಾಸ್ ತೆರೆದು ನೋಡಿ. ಹಳೆಯ ಕಂಪನಿಯ ಪಾಸ್‌ವರ್ಡ್ ಇನ್ನೂ ಇದ್ದರೆ ತೆಗೆದುಕೊಳ್ಳಬೇಡಿ. ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗೆಷ್ಟು ಹಿಡಿಯುತ್ತದೆ ಎಂಬ ಎರಡೂ ಅಂಕಿಯನ್ನು ಲಿನಕ್ಸ್ ತೋರಿಸುತ್ತದೆ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ.

ಜಿಎಸ್‌ಟಿ, ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರು, ಮನೆಯಲ್ಲಿ ಹಳೆಯ ಲೇಸರ್ ಪ್ರಿಂಟರ್ ಇರುವವರು ಅವುಗಳಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಪೆನ್‌ಡ್ರೈವ್ ಮಾಡಿಕೊಳ್ಳುವುದು ಸುಲಭ. 16 ಜಿಬಿಯದು ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ತೆಗೆದುಕೊಳ್ಳಿ. ಉಬುಂಟುವಿನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್, ಅಂದರೆ ಇಡೀ ಉಬುಂಟು ತುಂಬಿದ ಒಂದೇ ಫೈಲ್ ಇಳಿಸಿಕೊಂಡು ರೂಫಸ್ ಅಥವಾ ಬಲೇನಾ ಎಚರ್ ಎಂಬ ಪ್ರೋಗ್ರಾಂನಿಂದ ಪೆನ್‌ಡ್ರೈವ್‌ಗೆ ಬರೆಯಿರಿ.

ಅಂಗಡಿಯಲ್ಲಿ ಆ ಪೆನ್‌ಡ್ರೈವ್ ಹಾಕಿದಾಗ ಕನ್ನಡವನ್ನೂ ನೋಡಿಬಿಡಿ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಎಂಬಲ್ಲಿಗೆ ಹೋಗಿ ಕನ್ನಡ ಸೇರಿಸಿ. ಅದರಲ್ಲಿ ಕಗಪ ಎಂಬ ವಿನ್ಯಾಸ ಇದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ನುಡಿಯಲ್ಲಿ ಟೈಪ್ ಮಾಡಿದ ಕೈಗೆ ಬೇಗ ಒಗ್ಗುತ್ತದೆ. ಯೂನಿಕೋಡ್ ಕನ್ನಡ ಬೇರೇನೂ ಹಾಕದೆ ಸರಿಯಾಗಿ ಮೂಡುತ್ತದೆ, ಒತ್ತಕ್ಷರಗಳೂ ಸೇರಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಫೈಲ್‌ಗಳು ನಿಮ್ಮ ಹತ್ತಿರ ರಾಶಿ ಇದ್ದರೆ, ಹಳೆಯ ಕಂಪ್ಯೂಟರ್ ಕೈಬಿಡುವ ಮುಂಚೆಯೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ.

ನಮಸ್ಕಾರ.