ಡುಬ್ಬದಲ್ಲಿ ನೀರಿಲ್ಲ

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಬಿಸಿಲಿನ ಬಗ್ಗೆ ರಾಯಚೂರಿನವರಿಗೆ ನಾನೇನು ಹೇಳಲಿ? ನೀವು ಈಗ ರೊಟ್ಟಿ ಉಂಡು, ಮಜ್ಜಿಗೆ ಕುಡಿದು ಬೇವಿನ ಮರದ ಕೆಳಗೆ ಅಡ್ಡಾಗಿರಬಹುದು. ರೇಡಿಯೋದವರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಬೇಸಿಗೆ ಮತ್ತು ಪ್ರಾಣಿಗಳ ಬಗ್ಗೆ ಏನಾದರೂ ಮಾತಾಡಿ ಅಂದರು. ಎತ್ತು, ಎಮ್ಮೆ, ಕುರಿ ವಿಷಯ ವಾರಕ್ಕೊಮ್ಮೆ ಕೇಳುತ್ತಲೇ ಇರುತ್ತೀರಿ. ನಾನು ಒಂಟೆ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಒಂಟೆ ಎಲ್ಲಿದೆ ಅಂತ ಕೇಳಬೇಡಿ. ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಕಲ್ಲುಗಳನ್ನು ಸ್ವಲ್ಪ ನಿಂತು ನೋಡಿ. ಆನೆ, ಕುದುರೆಗಳ ಜೊತೆ ಒಂಟೆಯೂ ಇದೆ.

ಮೊದಲು ಒಂದು ಮಾತು. ಒಂಟೆಯ ಡುಬ್ಬದಲ್ಲಿ ನೀರಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಡುಬ್ಬದಲ್ಲಿ ನೀರಿಲ್ಲ. ಅಲ್ಲಿರುವುದು ಕೊಬ್ಬು. ದಪ್ಪನೆಯ, ಬಿಳಿ ಕೊಬ್ಬು. ಮೇವು ಸಿಗದ ದಿನಗಳಿಗೆ ಕಟ್ಟಿಟ್ಟ ಬುತ್ತಿ ಅದು. ಓದಿದವರು, ಮೇಷ್ಟ್ರುಗಳು ಕೂಡ ಇನ್ನೂ ಮಕ್ಕಳಿಗೆ ಅದೊಂದು ನೀರಿನ ಟ್ಯಾಂಕು ಅಂತಲೇ ಹೇಳಿಕೊಡುತ್ತಾರೆ. ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಒಂಟೆಯ ಗುಟ್ಟು ನೀರು ಕೂಡಿಡುವುದರಲ್ಲಿ ಇಲ್ಲ. ನೀರು ಕಳೆಯದೆ ಇರುವುದರಲ್ಲಿದೆ.

ನನಗೂ ಇದು ಪುಸ್ತಕದಿಂದ ತಲೆಗೆ ಹೋಗಲಿಲ್ಲ. 1987ರ ಮೇ ತಿಂಗಳು. ನಾನು ಲಿಂಗಸುಗೂರು ಕಡೆ ಹೊಸದಾಗಿ ದನದ ಡಾಕ್ಟರ್ ಆಗಿ ಸೇರಿದ್ದೆ. ಒಂದು ದಿನ ಸಂಜೆ ನಾಲ್ಕೂವರೆ ಸುಮಾರಿಗೆ ಊರ ಹುಡುಗರೆಲ್ಲ ಕೂಗುತ್ತಾ ಆಸ್ಪತ್ರೆಗೆ ಬಂದರು. ಹಿಂದೆ ಒಂದು ಒಂಟೆ. ಅದರ ಹಿಂದೆ ರಾಜಸ್ಥಾನದ ಒಬ್ಬ ಮುದುಕ. ಜಾತ್ರೆಗಳಲ್ಲಿ ಮಕ್ಕಳನ್ನು ಒಂಟೆ ಮೇಲೆ ಕೂರಿಸಿ ಎಂಟಾಣೆ, ರೂಪಾಯಿ ದುಡಿಯುವವನು. ಗುಲ್ಬರ್ಗದ ಕಡೆಯಿಂದ ನಡೆದುಕೊಂಡೇ ಬಂದಿದ್ದ. ದಾರಿಯಲ್ಲಿ ಬಾವಿಗಳೆಲ್ಲ ಬತ್ತಿದ್ದವು. ಒಂಟೆ ನೀರು ಕುಡಿದು ಐದು ದಿನ ಆಗಿತ್ತಂತೆ. ಅವನು ಬಂದದ್ದು ಅದರ ಕಾಲಿನಲ್ಲಿ ಮುರಿದಿದ್ದ ಮುಳ್ಳು ತೆಗೆಸಲು, ಅಷ್ಟೇ.

ಆದರೆ ನಾನು ಹೊಸ ಡಾಕ್ಟರ್ ಅಲ್ವಾ? ಮುಳ್ಳು ತೆಗೆದು ಸುಮ್ನೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಥರ್ಮಾಮೀಟರ್ ಇಟ್ಟೆ. 104 ಡಿಗ್ರಿ ಫ್ಯಾರನ್‌ಹೀಟ್. ಆಕಳಿಗೆ 101, 102 ಇದ್ದರೆ ಸರಿ. 104 ಅಂದರೆ ಜೋರು ಜ್ವರ. ಪಕ್ಕೆ ಒಳಗೆ ಹೋಗಿದೆ, ಪಕ್ಕೆಲುಬು ಎಣಿಸಬಹುದು. ನಾನು ಇಂಜೆಕ್ಷನ್ ತುಂಬಿಸಿಕೊಂಡೆ. ಮುದುಕ ನನ್ನ ಕೈ ಹಿಡಿದ. "ಡಾಕ್ಟರ್ ಸಾಬ್, ಬುಖಾರ್ ನಹೀ. ಸುಬಹ್ ದೇಖೋ" ಅಂದ. ಜ್ವರ ಅಲ್ಲ, ಬೆಳಿಗ್ಗೆ ನೋಡು ಅಂತ. ನನಗೆ ಅವಮಾನ ಆಯಿತು. ಆದರೂ ಸಿರಿಂಜ್ ಕೆಳಗಿಟ್ಟೆ.

ಅಷ್ಟರಲ್ಲಿ ಒಬ್ಬ ಹುಡುಗ ಮುಂದೆ ಬಂದ. "ಡಾಕ್ಟರ್ ಸಾಹೇಬ್ರ, ಆ ಸೂಜಿ ಡುಬ್ಬಕ್ಕ ಚುಚ್ಚಿದ್ರ ನೀರು ಬರ್ತಾವೇನ್ರಿ?" ಎಲ್ಲರೂ ನನ್ನ ಮುಖ ನೋಡಿದರು. ಬರುವುದಿಲ್ಲ ಅಂದೆ. ನಂಬಲಿಲ್ಲ.

ಬೆಳಿಗ್ಗೆ ಐದೂವರೆಗೆ ಹೋಗಿ ಮತ್ತೆ ಥರ್ಮಾಮೀಟರ್ ಇಟ್ಟೆ. ಪಾದರಸ ಮೇಲೆ ಏಳಲೇ ಇಲ್ಲ. 95! ಈಗ ಎದೆ ಧಸಕ್ಕೆಂದಿತು. ಆಕಳು 95ಕ್ಕೆ ಇಳಿದರೆ ಅದರ ಆಸೆ ಬಿಡಬೇಕು. ಒಂಟೆ ಮಾತ್ರ ನನ್ನ ತಲೆ ಮೇಲೆ ಮೂತಿ ಇಟ್ಟುಕೊಂಡು ಮೆಲುಕು ಹಾಕುತ್ತಿತ್ತು.

ಅಲ್ಲೇ ಇದೆ ನೋಡಿ ಗುಟ್ಟು. ನಮ್ಮ ಮೈ ಸ್ವಲ್ಪ ಕಾದರೂ ಬೆವರು ಸುರಿಯುತ್ತದೆ. ಬೆವರು ಅಂದರೆ ನೀರು. ನೀರು ಸಿಗದ ಒಂಟೆ ಬೆವರಲು ಅವಸರ ಮಾಡುವುದಿಲ್ಲ. ಬೆಳಿಗ್ಗೆ 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೈಯನ್ನು ಸಂಜೆ 41ರವರೆಗೆ ಕಾಯಲು ಬಿಡುತ್ತದೆ. ರಾತ್ರಿ ಗಾಳಿ ತಣ್ಣಗಾದ ಮೇಲೆ ಆ ಕಾವನ್ನು ಗಾಳಿಗೇ ಬಿಡುತ್ತದೆ. ಹಗಲು ಕೈಗಡ ತಗೊಂಡು ರಾತ್ರಿ ಬಡ್ಡಿಯಿಲ್ಲದೆ ತೀರಿಸಿದ ಹಾಗೆ. ನಮ್ಮ ಕೋಟೆ ಬೆಟ್ಟದ ಬಂಡೆ ಮಾಡುವುದೂ ಇದೇ ಅಲ್ವಾ? 500 ಕಿಲೋ ತೂಗುವ ಒಂಟೆ ಇದರಿಂದ ದಿನಕ್ಕೆ ಸುಮಾರು 5 ಲೀಟರ್ ಬೆವರು ಉಳಿಸುತ್ತದೆ. ಕೂಡಿಡುವುದಿಲ್ಲ, ಕಳೆಯುವುದಿಲ್ಲ. ನೆನಪಿರಲಿ.

ಇದನ್ನು ಸರಿಯಾಗಿ ಅಳೆದು ತೋರಿಸಿದವರು ನಾರ್ವೆಯಲ್ಲಿ ಹುಟ್ಟಿದ ವಿಜ್ಞಾನಿ ಕ್ನೂಟ್ ಶ್ಮಿಟ್ ನೀಲ್ಸನ್. 1950ರ ದಶಕದಲ್ಲಿ ಹೆಂಡತಿಯನ್ನೂ ಕರೆದುಕೊಂಡು ಅಲ್ಜೀರಿಯಾದ ಸಹಾರಾಕ್ಕೆ ಹೋಗಿ, ಒಂಟೆಗಳ ಜೊತೆ ತಿಂಗಳುಗಟ್ಟಲೆ ಇದ್ದರು. ಒಂದು ಒಂಟೆಯ ಕೂದಲು ಬೋಳಿಸಿಯೂ ನೋಡಿದರು. ಅದು ಒಂದೂವರೆ ಪಟ್ಟು ಬೆವರಿತು! ಕೂದಲು ಬಿಸಿಲಿಗೆ ಹಿಡಿದ ಕೊಡೆ. ಕೊಬ್ಬನ್ನು ಬೆನ್ನ ಮೇಲೆ ಒಂದೇ ಕಡೆ ಗುಡ್ಡೆ ಹಾಕಿರುವುದೂ ಇದಕ್ಕೇ. ಮೈತುಂಬ ಕೊಬ್ಬಿದ್ದರೆ ಮೇ ತಿಂಗಳಲ್ಲಿ ಕಂಬಳಿ ಹೊದ್ದ ಹಾಗೆ, ಕಾವು ಹೊರಗೆ ಹೋಗುವುದಿಲ್ಲ.

ಕೊಬ್ಬು ಕರಗಿದರೆ ನೀರಾಗುತ್ತದಲ್ಲ ಡಾಕ್ಟ್ರೇ ಅಂತ ಯಾರಾದರೂ ವಿಜ್ಞಾನ ಓದಿದವರು ಕೇಳುತ್ತಾರೆ. ಆಗುತ್ತದೆ. ಒಂದು ಕಿಲೋ ಕೊಬ್ಬಿಗೆ ಒಂದು ಲೀಟರಿಗಿಂತ ತುಸು ಜಾಸ್ತಿಯೇ. ಆದರೆ ಅದನ್ನು ಉರಿಸಲು ಗಾಳಿ ಬೇಕು. ಗಾಳಿ ಎಳೆದು ಬಿಡುವಾಗ ಉಸಿರಿನಲ್ಲಿ ಅಷ್ಟೇ ನೀರು ಹೊರಗೆ ಹೋಗುತ್ತದೆ. ಲಾಭ ಇಲ್ಲ. ಡುಬ್ಬದಲ್ಲಿ ನೀರಿಲ್ಲ ಅಂದಮೇಲೆ ಇಲ್ಲ.

ಮತ್ತೆ ಲಿಂಗಸುಗೂರಿಗೆ ಬರೋಣ. ಬೆಳಗಾದ ಮೇಲೆ ಒಂಟೆಯನ್ನು ದನ ನೀರು ಕುಡಿಯುವ ತೊಟ್ಟಿಗೆ ಕರೆದುಕೊಂಡು ಹೋದೆವು. ಬೋರಿನ ಹತ್ತಿರ ಹೆಣ್ಣುಮಕ್ಕಳು ಕೊಡ ಹಿಡಿದು ನಿಂತಿದ್ದರು. ತೊಟ್ಟಿ ಖಾಲಿ ಇತ್ತು. ಒಬ್ಬ ಅಜ್ಜಿ "ಪಾಪ, ಕುಡೀಲಿ ಬಿಡ್ರಿ" ಅಂತ ತನ್ನ ಕೊಡ ಸುರಿದಳು. ಮುಗೀತು. ಇನ್ನೊಂದು. ಮುಗೀತು. ಮೂರು, ನಾಲ್ಕು. ಒಂಟೆ ತಲೆ ಎತ್ತಲಿಲ್ಲ. ಹುಡುಗರು ಎಣಿಸುತ್ತಿದ್ದರು. ಆರು ಕೊಡ, ಹೆಚ್ಚುಕಡಿಮೆ 90 ಲೀಟರ್, ಹತ್ತು ನಿಮಿಷ ಆಗಿರಬೇಕು. ಒಳಗೆ ಹೋಗಿದ್ದ ಪಕ್ಕೆ ನಮ್ಮ ಕಣ್ಣೆದುರೇ ಉಬ್ಬಿತು. ಸಹಾರಾದಲ್ಲಿ 100 ಲೀಟರ್ ದಾಟಿಸಿದ ಒಂಟೆಗಳೂ ಇದ್ದವು.

ನನಗೆ ಮತ್ತೆ ಭಯ. ಯಾಕೆ ಅಂದರೆ, ಬಾಯಾರಿದ ಕರು ಒಮ್ಮೆಲೇ ಸಿಕ್ಕಾಪಟ್ಟೆ ನೀರು ಕುಡಿದರೆ ಕೆಂಪು ಉಚ್ಚೆ ಹೊಯ್ಯುವುದನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ರಕ್ತ ಒಮ್ಮೆಗೇ ತೆಳುವಾಗಿ, ಅದರಲ್ಲಿನ ಕೆಂಪು ಕಣಗಳು ನೀರು ಹೀರಿ ಒಡೆಯುತ್ತವೆ. ಒಂಟೆಯ ಕಣ ಬೇರೆ. ನಮ್ಮದು ದುಂಡಗೆ ಬಿಲ್ಲೆಯ ಹಾಗೆ, ಅದರದು ಮೊಟ್ಟೆಯಾಕಾರ. ಎರಡು ಪಟ್ಟಿಗೂ ಜಾಸ್ತಿ ಉಬ್ಬಿದರೂ ಒಡೆಯುವುದಿಲ್ಲ. ಕೆಂಪು ಉಚ್ಚೆ ಬರುತ್ತದೇನೋ ಅಂತ ಮಧ್ಯಾಹ್ನದವರೆಗೆ ಅದರ ಹಿಂದೆ ನಿಂತು ಕಾಯ್ದೆ. ಬರಲಿಲ್ಲ. ನನ್ನನ್ನು ನೋಡಿ ಊರವರು ನಕ್ಕರು.

ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಮೂರು ನಿಮಿಷ ಅಂತ. ಹೇಳುವುದು ಇನ್ನೂ ರಾಶಿ ಇದೆ, ಇರಲಿ.

ರಕ್ತದ ವಿಷಯ ಒಂದು. ಕಡು ಬಿಸಿಲಿನಲ್ಲಿ ಮನುಷ್ಯ ತನ್ನ ತೂಕದಲ್ಲಿ ನೂರಕ್ಕೆ ಹತ್ತು ಹನ್ನೆರಡರಷ್ಟು ನೀರು ಕಳೆದುಕೊಂಡರೆ ರಕ್ತ ಗಟ್ಟಿಯಾಗಿ ಹೃದಯ ಸೋಲುತ್ತದೆ. ಒಂಟೆ ನೂರಕ್ಕೆ 25 ಕಳೆದುಕೊಂಡೂ ನಡೆಯುತ್ತದೆ. ಅದು ಹೊಟ್ಟೆಯಿಂದ, ಮಾಂಸದಿಂದ ನೀರು ತೆಗೆದು ರಕ್ತವನ್ನು ಮಾತ್ರ ಕಾಪಾಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರಿಗೆ ಇದು ಬೇಗ ಅರ್ಥ ಆಗುತ್ತದೆ. ಎಲ್ಲಿ ಬೇಕಾದರೂ ಒಣಗಲಿ, ಮುಖ್ಯ ಕಾಲುವೆ ಮಾತ್ರ ಹರಿಯಬೇಕು ಅನ್ನುವ ಲೆಕ್ಕ.

ಇನ್ನು ಮೂತ್ರಪಿಂಡ. ಒಂಟೆಯ ಉಚ್ಚೆ ಕಾಕಂಬಿಯ ಹಾಗೆ ದಪ್ಪ, ಸಮುದ್ರದ ನೀರಿಗಿಂತ ಉಪ್ಪು. ಮೇವು ಕಡಿಮೆ ಇದ್ದಾಗ ಅದರಲ್ಲಿ ಹೋಗಬೇಕಾದ ಯೂರಿಯಾ ಕೂಡ ಹೊರಗೆ ಹೋಗುವುದಿಲ್ಲ. ನೀವು ಸೊಸೈಟಿ ಮುಂದೆ ಸಾಲಿನಲ್ಲಿ ನಿಂತು ತರುವ ಯೂರಿಯಾ ಇದೆಯಲ್ಲ, ಅದೇ ವಸ್ತು. ಅದನ್ನು ಹೊಟ್ಟೆಗೆ ವಾಪಸ್ ಕಳಿಸುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನ್ ಮಾಡಿಕೊಡುತ್ತವೆ. ಯೂರಿಯಾ ಹೊರಗೆ ಹಾಕಲು ಬೇಕಾದ ನೀರೂ ಉಳಿಯಿತು. ರಾತ್ರಿ ಉಸಿರು ಬಿಡುವಾಗ ಮೂಗು ಅದರ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೂಡಿಡುವುದಿಲ್ಲ, ಕಳೆಯುವುದಿಲ್ಲ. ಹಿಕ್ಕೆಯಲ್ಲೂ ಅಷ್ಟೇ.

ಹಿಕ್ಕೆ ಅಂದಾಗ ನೆನಪಾಯಿತು. ಆ ದಿನ ಹೊರಡುವ ಮುಂಚೆ ಮುದುಕ ಮೂರು ಕಲ್ಲು ಇಟ್ಟು ಚಹಾ ಮಾಡಿದ. ಸೌದೆ ಇರಲಿಲ್ಲ. ಒಂಟೆ ರಾತ್ರಿ ಹಾಕಿದ್ದ ಹಿಕ್ಕೆಯನ್ನು ಬೊಗಸೆಯಲ್ಲಿ ತಂದು ಒಲೆಗೆ ಹಾಕಿದ. ನಾವು ಕುಳ್ಳು ತಟ್ಟಿ ವಾರಗಟ್ಟಲೆ ಒಣಗಿಸುತ್ತೇವೆ. ಅದು ಒಂದೇ ಕಡ್ಡಿಗೆ ಹತ್ತಿಕೊಂಡಿತು. ಚಹಾಕ್ಕೆ ಸ್ವಲ್ಪ ಹೊಗೆ ವಾಸನೆ ಇತ್ತು, ಸಕ್ಕರೆ ಜಾಸ್ತಿ ಹಾಕಿದ್ದ. ಇನ್ನೊಂದು ಲೋಟ ಕೇಳಿ ಕುಡಿದೆ. ನಮಸ್ಕಾರ.