ಸೊನ್ನೆ ತೋರಿಸುವ ಗ್ಯಾಸ್ ಡಿಟೆಕ್ಟರ್ ನಂಬಬಹುದಾ? ಸೈಟ್‌ನಲ್ಲೇ ಕ್ಯಾಲಿಬ್ರೇಷನ್ ಮಾಡುವ ಬಗೆ

[ದೃಶ್ಯ: ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಟ್ಯಾಂಕಿನ ಪಕ್ಕ, ಕೈಯಲ್ಲಿ ಡಿಟೆಕ್ಟರ್. ಹೈಡ್ರೋಜನ್ ಸಲ್ಫೈಡ್ ಎದುರು 0.]

ನಮಸ್ಕಾರ. ಈ ಸೊನ್ನೆ ನೋಡಿ. ಇಲ್ಲಿ ಗ್ಯಾಸ್ ಇಲ್ಲದೇ ಇರಬಹುದು. ಅಥವಾ ಗ್ಯಾಸ್ ಇದ್ದೂ ಸೆನ್ಸರ್ ಸತ್ತು ಹೋಗಿರಬಹುದು. ಎರಡರಲ್ಲೂ ಸ್ಕ್ರೀನ್ ಮೇಲೆ ಬರುವುದು ಅದೇ ಸೊನ್ನೆ. ಆನ್ ಮಾಡಿದಾಗ ಬೀಪ್ ಬಂತು, ಲೈಟ್ ಹತ್ತಿತು ಅಂದರೆ ಬ್ಯಾಟರಿ ಸರಿ ಇದೆ ಅಂತ ಗೊತ್ತಾಯಿತು, ಅಷ್ಟೇ. ಗ್ಯಾಸ್ ಬಂದರೆ ಅದಕ್ಕೆ ಗೊತ್ತಾಗುತ್ತಾ ಅಂತ ತಿಳಿಯಬೇಕಾದರೆ ಗ್ಯಾಸ್ ಕೊಟ್ಟೇ ನೋಡಬೇಕು.

ಮೂಗು ಇದೆಯಲ್ಲ ಅನ್ನಬೇಡಿ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆ ಥರ ನಾರುತ್ತದೆ, 1 ಪಿಪಿಎಂಗಿಂತ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ, ಕಡಿಮೆ ಇದ್ದರೂ ಗೊತ್ತಾಗುತ್ತದೆ, ನಿಜ. ಆದರೆ 100 ಪಿಪಿಎಂ ಹತ್ತಿರ ಬಂದರೆ ಸ್ವಲ್ಪ ಹೊತ್ತಿನಲ್ಲೇ ಮೂಗಿಗೆ ವಾಸನೆ ಹಿಡಿಯುವುದೇ ನಿಂತುಬಿಡುತ್ತದೆ. ಕೆಲಸಗಾರರ ಸುರಕ್ಷತೆ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯಾಶ್ ಸಂಸ್ಥೆ ಜೀವಕ್ಕೆ ತಕ್ಷಣದ ಅಪಾಯ ಅಂತ ಗುರುತಿಸಿರುವ ಮಟ್ಟವೂ ಅದೇ 100. ಬೆಂಕಿಕಡ್ಡಿ ಗೀರಿ ನೋಡುವುದಂತೂ ಬೇಡವೇ ಬೇಡ, ಅಲ್ಲಿ ಬೆಂಕಿ ಹತ್ತುವ ಮೀಥೇನ್ ಗ್ಯಾಸ್ ಕೂಡ ಇರಬಹುದು.

[ದೃಶ್ಯ: ಬಿಚ್ಚಿದ ಡಿಟೆಕ್ಟರ್, ಬೆರಳ ತುದಿಯಷ್ಟು ಸೆನ್ಸರ್.]

ಈ ಚಿಕ್ಕ ಡಬ್ಬಿಯೊಳಗೆ ಆ್ಯಸಿಡ್ ಇದೆ, ಎಲೆಕ್ಟ್ರೋಡ್‌ಗಳಿವೆ. ಮೇಲಿನ ಸಣ್ಣ ತೂತಿನಿಂದ ಗ್ಯಾಸ್ ಒಳಗೆ ಹೋದರೆ ಅಲ್ಲಿ ರಾಸಾಯನಿಕ ಕ್ರಿಯೆ ನಡೆದು ತುಂಬಾ ಸಣ್ಣ ಕರೆಂಟ್ ಹುಟ್ಟುತ್ತದೆ, ಗ್ಯಾಸ್ ಜಾಸ್ತಿ ಆದಷ್ಟೂ ಕರೆಂಟ್ ಜಾಸ್ತಿ. ದಿನ ಕಳೆದ ಹಾಗೆ ಈ ಕರೆಂಟ್ ಕಡಿಮೆಯಾಗುತ್ತಾ ಹೋಗುತ್ತದೆ. ಒಣ ಬಿಸಿಲಿಗೆ ಒಳಗಿನ ದ್ರವ ಆರುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳಿಕೆ. ಇಷ್ಟು ಕರೆಂಟ್ ಬಂದರೆ ಇಷ್ಟು ಪಿಪಿಎಂ ಅಂತ ಡಿಟೆಕ್ಟರ್‌ಗೆ ಮತ್ತೆ ಮತ್ತೆ ಹೇಳಿಕೊಡಬೇಕು. ಅದೇ ಕ್ಯಾಲಿಬ್ರೇಷನ್.

ಮೊದಲು ಝೀರೋ. ಜನ ಜಾಸ್ತಿ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಝೀರೋ ಮಾಡುವಾಗ ಡಿಟೆಕ್ಟರ್ ಸುತ್ತಲಿನ ಗಾಳಿಯನ್ನೇ ಶುದ್ಧ ಗಾಳಿ ಅಂದುಕೊಳ್ಳುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು, ಅದರ ಪಕ್ಕದಲ್ಲೇ ನಿಂತು ಝೀರೋ ಒತ್ತಿದಿರಿ ಅಂತಿಟ್ಟುಕೊಳ್ಳಿ. ಅಲ್ಲಿ 5 ಪಿಪಿಎಂ ಇತ್ತು. ಇನ್ನು ಮುಂದೆ ಅದು 5 ಇದ್ದರೆ 0 ಅನ್ನುತ್ತದೆ, 12 ಇದ್ದರೆ 7 ಅನ್ನುತ್ತದೆ. ಅಲಾರಂ 10ಕ್ಕೆ ಇಟ್ಟಿದ್ದೀರಿ, ಆದರೆ ಕೂಗುವುದೇ ಇಲ್ಲ. ಕೆಳಗೆ ಇಳಿದವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಟ್ಯಾಂಕ್, ಜನರೇಟರ್, ಓಡುತ್ತಿರುವ ಗಾಡಿ ಎಲ್ಲದರಿಂದ ದೂರ, ಬಯಲಿಗೆ ಬನ್ನಿ. ಎಸಿ ಗಾಡಿಯಿಂದ ಆಗಷ್ಟೇ ತೆಗೆದಿದ್ದರೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬಿಡಿ. ಗಾಳಿ ಮೇಲೆ ಅನುಮಾನ ಇದ್ದರೆ ಝೀರೋ ಏರ್, ಅಂದರೆ ಶುದ್ಧ ಗಾಳಿಯ, ಸಿಲಿಂಡರ್ ಸಿಗುತ್ತದೆ, ಅದನ್ನೇ ಹಾಕಿ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಡಿಟೆಕ್ಟರ್ ಮುಟ್ಟಬೇಡಿ, ಆಲ್ಕೋಹಾಲ್ ಆವಿಗೆ ಕಾರ್ಬನ್ ಮೊನಾಕ್ಸೈಡ್ ಸೆನ್ಸರ್ ಸುಳ್ಳು ಲೆಕ್ಕ ಕೊಡಬಹುದು.

[ದೃಶ್ಯ: ಸಿಲಿಂಡರ್ ಲೇಬಲ್ ಹತ್ತಿರದಿಂದ.]

ಆಮೇಲೆ ಸ್ಪ್ಯಾನ್, ಅಂದರೆ ಪ್ರಮಾಣ ಗೊತ್ತಿರುವ ಗ್ಯಾಸನ್ನು ಸಿಲಿಂಡರ್‌ನಿಂದ ಕೊಟ್ಟು ಡಿಟೆಕ್ಟರ್ ಲೆಕ್ಕವನ್ನು ಅದಕ್ಕೆ ಸರಿ ಹೊಂದಿಸುವುದು. ನಾಲ್ಕು ಬಗೆಯ ಗ್ಯಾಸ್ ಅಳೆಯುವ ಡಿಟೆಕ್ಟರ್‌ಗೆ ಬರುವ ಸಿಲಿಂಡರ್‌ಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಹೆಚ್ಚಾಗಿ 25 ಪಿಪಿಎಂ ಇರುತ್ತದೆ, ಆದರೆ ಅಂದಾಜಿನ ಮೇಲೆ ಹೋಗಬೇಡಿ. ಲೇಬಲ್ ಮೇಲಿನ ಸಂಖ್ಯೆಯೂ ಡಿಟೆಕ್ಟರ್ ಸೆಟ್ಟಿಂಗ್‌ನಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು. ಸಿಲಿಂಡರ್ 25 ಇದ್ದು ಸೆಟ್ಟಿಂಗ್ 20 ಇದ್ದರೆ ಮುಂದೆಲ್ಲಾ ಕಡಿಮೆಯೇ ತೋರಿಸುತ್ತದೆ. ಎಕ್ಸ್‌ಪೈರಿ ದಿನಾಂಕವನ್ನೂ ನೋಡಿ. ಹೈಡ್ರೋಜನ್ ಸಲ್ಫೈಡ್ ಪ್ರಮಾಣ ದಿನ ಕಳೆದ ಹಾಗೆ ಸಿಲಿಂಡರ್ ಒಳಗೇ ಕಡಿಮೆಯಾಗುತ್ತದೆ. ಹಳೇ ಸಿಲಿಂಡರ್‌ನಲ್ಲಿ ಕ್ಯಾಲಿಬ್ರೇಷನ್ ಮಾಡಿದ ಡಿಟೆಕ್ಟರ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಜಾಸ್ತಿ ತೋರಿಸಿದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ಸುಮ್ಸುಮ್ನೆ ಕೂಗುವ ಅಲಾರಂಗೆ ಹುಡುಗರು ಬೇಗ ಕಿವುಡಾಗುತ್ತಾರೆ, ನಿಜವಾಗಿ ಕೂಗಿದಾಗಲೂ ಯಾರೂ ಮೇಲೆ ಬರುವುದಿಲ್ಲ.

ರೆಗ್ಯುಲೇಟರ್ ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರಿನದು, ಆದರೂ ನಿಮ್ಮ ಮ್ಯಾನ್ಯುಯಲ್ ನೋಡಿಕೊಳ್ಳಿ. ಟ್ಯೂಬ್ ಗಿಡ್ಡ ಇರಲಿ, ಡಿಟೆಕ್ಟರ್ ಜೊತೆ ಬಂದದ್ದೇ ಆಗಲಿ. ಕೈಗೆ ಸಿಕ್ಕ ಪೈಪ್ ಹಾಕಿದರೆ ಗ್ಯಾಸಿನ ಸ್ವಲ್ಪ ಭಾಗ ಪೈಪೇ ಹೀರಿಕೊಳ್ಳುತ್ತದೆ. ಜೋರು ಗಾಳಿ ಇದ್ದರೆ ಮೈ ಅಡ್ಡ ಕೊಟ್ಟು ನಿಲ್ಲಿ, ಸೆನ್ಸರ್ ಮೇಲೆ ಕೂರಿಸುವ ಕಪ್ಪಿನ ಸಂದಿಯಿಂದ ಹೊರಗಾಳಿ ಸೇರಬಾರದು.

ಪೂರ್ತಿ ಕ್ಯಾಲಿಬ್ರೇಷನ್ ದಿನಾ ಬೇಕಿಲ್ಲ, ಎಷ್ಟು ದಿನಕ್ಕೊಮ್ಮೆ ಅಂತ ಮ್ಯಾನ್ಯುಯಲ್‌ನಲ್ಲಿರುತ್ತದೆ. ದಿನಾ ಬೇಕಾಗಿರುವುದು ಬಂಪ್ ಟೆಸ್ಟ್. ಕೆಲಸ ಶುರುವಾಗುವ ಮುಂಚೆ ಸ್ವಲ್ಪ ಗ್ಯಾಸ್ ಕೊಡಿ, ಸಂಖ್ಯೆ ಏರಿ ಅಲಾರಂ ಕೂಗಬೇಕು. ಫಿಲ್ಟರ್ ಬಿಚ್ಚಿ ಟೆಸ್ಟ್ ಮಾಡಬೇಡಿ. ಕೆಸರು ಮೆತ್ತಿಕೊಂಡ ಫಿಲ್ಟರ್ ಹಿಂದೆ ಎಷ್ಟೇ ಒಳ್ಳೆ ಸೆನ್ಸರ್ ಇದ್ದರೂ ಗ್ಯಾಸ್ ಅದಕ್ಕೆ ತಲುಪುವುದಿಲ್ಲ. ಸಂಖ್ಯೆ ನಿಧಾನಕ್ಕೆ ತೆವಳುತ್ತಿದ್ದರೆ ಮೊದಲು ಫಿಲ್ಟರ್ ನೋಡಿ.

ಇನ್ನೊಂದು ಮಾತು. ಡಿಟೆಕ್ಟರ್ ಇದೆ ಅಂತ ಯಾರನ್ನೂ ಇಳಿಸಬೇಡಿ. ಸುರಕ್ಷತಾ ಸಾಮಗ್ರಿ ಇಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿ ಸಾವಿಗೆ ಪರಿಹಾರ 30 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಮಷಿನ್‌ನಿಂದ ಆಗುವ ಕೆಲಸವನ್ನು ಮಷಿನ್‌ನಿಂದಲೇ ಮಾಡಿಸಿ.

[ದೃಶ್ಯ: ರಿಜಿಸ್ಟರ್ ಪುಟ.]

ಕ್ಯಾಲಿಬ್ರೇಷನ್ ಒತ್ತುವ ಮುಂಚೆ ಡಿಟೆಕ್ಟರ್ ಏನು ತೋರಿಸುತ್ತಿತ್ತು ಅನ್ನುವುದನ್ನು ತಪ್ಪದೆ ಬರೆದಿಡಿ. ಎಷ್ಟೋ ಕಡೆ ಬರೀ 'ಓಕೆ' ಅಂತ ಬರೆದಿರುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. 25ರ ಗ್ಯಾಸಿಗೆ ಒಂದು ಸಲ 24, ಮುಂದಿನ ಸಲ 22, ಆಮೇಲೆ 19 ಅಂತ ಇದ್ದರೆ ಸೆನ್ಸರ್ ಮುಗಿಯುತ್ತಾ ಬಂದಿದೆ ಅಂತ ಅರ್ಥ. ಫೇಲ್ ಅಂತ ಬರುವವರೆಗೂ ಕಾಯದೆ ಈಗಲೇ ಹೊಸದಕ್ಕೆ ಆರ್ಡರ್ ಹಾಕಿ. ಅಷ್ಟರೊಳಗೆ ಫೇಲ್ ಆಯಿತು, ಬೇರೆ ಡಿಟೆಕ್ಟರ್ ಇಲ್ಲ ಅಂದರೆ ಹೊಸ ಸೆನ್ಸರ್ ಬರುವ ತನಕ ಆ ಟ್ಯಾಂಕಿನ ಕೆಲಸ ನಿಲ್ಲಲಿ.